ಮುದ್ದೆಗೆ ಒಂದು ಸುಳ್ಳು

ನನ್ನ ಕತೆಗಳಲ್ಲಿ ಎಲ್ಲವೂ ಇದೆ, ಕ್ಷಮೆಯೊಂದಿಲ್ಲ ಎಂದು ವಿಮರ್ಶಕರೊಬ್ಬರು ಬೇಸರದಿಂದ ಬರೆದಿದ್ದರು. ಸರಿಯಾಗಿಯೇ ಗುರುತಿಸಿದ್ದಾರೆ. ನಾನು ಬರೆಯುವುದು ಇನ್ನೂ ಬಾರದ ಕಾಲದ ಕತೆಗಳನ್ನು, ಇಲ್ಲದ ಲೋಕಗಳ ಕತೆಗಳನ್ನು. ಆ ಲೋಕಗಳಲ್ಲೆಲ್ಲ ಒಬ್ಬ ದಪ್ಪ ಮೀಸೆಯ ಮುದುಕ ಖಾಲಿ ಕೊಡ ಹಿಡಿದು ಸಾಲಿನಲ್ಲಿ ನಿಂತಿರುತ್ತಾನೆ. ಅವನ ಸರದಿ ಬರುವುದೇ ಇಲ್ಲ. ಚಂದ್ರನ ಮೇಲೆ ನಿಲ್ಲಿಸಿದ್ದೇನೆ, ಸಮುದ್ರದ ತಳದ ಪಟ್ಟಣದಲ್ಲಿ ನಿಲ್ಲಿಸಿದ್ದೇನೆ, ಮುನ್ನೂರು ವರ್ಷ ಮುಂದಿನ ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲೂ ನಿಲ್ಲಿಸಿದ್ದೇನೆ. ಅವನು ಯಾರು ಎಂದು ಓದುಗರು ಕೇಳುತ್ತಾರೆ. ಕಲ್ಪನೆ ಎಂದು ಹೇಳಿ ಇಷ್ಟು ದಿನ ತಪ್ಪಿಸಿಕೊಂಡಿದ್ದೆ. ಇನ್ನು ತಪ್ಪಿಸಿಕೊಳ್ಳುವುದಿಲ್ಲ.

ಕೊಣನೂರಿನಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದರೆ ನಮ್ಮೂರು, ಊರು ದಾಟಿ ಕೆರೆಯ ಏರಿ ಇಳಿದರೆ ನಮ್ಮ ಕೇರಿ. ಮನೆ ಎಂದರೆ ಒಂದು ಕೋಣೆ. ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಈ ಕಡೆ ಒಲೆ, ಆ ಕಡೆ ಮಲಗುವ ಜಾಗ ಮತ್ತು ಎರಡು ಮೇಕೆ. ಒಲೆಯ ಮೇಲಿನ ಹೆಂಚು ಒಂದು ಒಡೆದಿತ್ತು. ಅದನ್ನು ಬದಲಾಯಿಸಲು ಅವ್ವ ಬಿಡುತ್ತಿರಲಿಲ್ಲ, ಹೊಗೆ ಹೋಗಲು ಅದೊಂದೇ ದಾರಿ. ಗೋಡೆಯ ಗೂಡಿನಲ್ಲಿ ಸೋದರಮಾವ ತಂದುಕೊಟ್ಟ ಬುದ್ಧನ ಪಟವಿತ್ತು, ಪಕ್ಕದಲ್ಲೇ ಅಜ್ಜಿಯ ಎಲೆಅಡಿಕೆಯ ಚೀಲವಿತ್ತು. ಇಬ್ಬರಿಗೂ ಒಂದು ದಿನವೂ ಜಗಳವಾದದ್ದಿಲ್ಲ. ಬಾಗಿಲ ಹಿಂದೆ ಅಪ್ಪನ ಗುದ್ದಲಿ ಮತ್ತು ಕೋಲು. ಆ ಕೋಲನ್ನು ನಾವು ಮಕ್ಕಳು ದಾಟುವಂತಿರಲಿಲ್ಲ. ನಾನು, ತಂಗಿ ಕೆಂಪಿ, ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಐದು ಜನ ಅಲ್ಲಿ ಹೇಗೆ ಹಿಡಿಸುತ್ತಿದ್ದೆವೋ ಈಗ ಯೋಚಿಸಿದರೆ ಗೊತ್ತಾಗುವುದಿಲ್ಲ.

ಅಪ್ಪ ನೀರುಗಂಟಿ. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು, ಬಯಲಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ತಿರುಗಿಸುವುದು ಅವನ ಕೆಲಸ. ಅದು ತಾತ ಮುತ್ತಾತನ ಕಾಲದಿಂದ ನಮ್ಮ ಮನೆಗೆ ಬಂದದ್ದು. ಎಂಥ ದೊಡ್ಡ ಮನೆಯವರಾದರೂ ತೂಬಿಗೆ ಕೈ ಹಾಕುವಂತಿಲ್ಲ. ನೀರುಗಂಟಿಯ ಕೈಯೇ ಆಗಬೇಕು. ಇಡೀ ಊರಿನ ಭತ್ತ ಆ ಕೈಯ ನೀರು ಕುಡಿದು ಬೆಳೆಯುತ್ತಿತ್ತು, ಆ ಭತ್ತದ ಅನ್ನವನ್ನು ಎಲ್ಲರೂ ಉಣ್ಣುತ್ತಿದ್ದರು. ಅದೇ ಕೈಯವನ ಹೆಂಡತಿ ಮಾತ್ರ ಊರಬಾವಿಯ ಕಟ್ಟೆಯಿಂದ ಎಂಟು ಮಾರು ದೂರ ನಿಂತು, ಯಾರಾದರೂ ಸೇದಿ ಸುರಿಯುವವರೆಗೆ ಕಾಯಬೇಕು. ಬೇಸಗೆಯಲ್ಲಿ ನಮ್ಮ ಕೇರಿಯ ನೀರಿನ ಗುಂಡಿ ಬತ್ತಿದಾಗ ನಾನೂ ಅವ್ವನ ಜೊತೆ ನಿಲ್ಲುತ್ತಿದ್ದೆ. ಯಜಮಾನರ ಮನೆಯ ಹೆಂಗಸರು ಅಷ್ಟೆತ್ತರದಿಂದ ಸುರಿಯುವಾಗ ಅರ್ಧ ನೀರು ನಮ್ಮ ಕಾಲ ಮೇಲೆ ಬೀಳುತ್ತಿತ್ತು. ಯಜಮಾನರು ಎಂದರೆ ಊರಿನ ದೊಡ್ಡ ಮನೆಯವರು, ಆ ದಪ್ಪ ಮೀಸೆಯವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮರ್ಯಾದೆಗಲ್ಲ. ಅವರ ಬಾಯಲ್ಲಿ ನನ್ನ ಅಪ್ಪನಿಗೆ ಒಂದು ದಿನವೂ ಪೂರ್ತಿ ಹೆಸರಿರಲಿಲ್ಲ. ಚಿಕ್ಕಯ್ಯ ಎನ್ನುವುದು ‘ಲೋ ಚಿಕ್ಕ’ ಆಗಿತ್ತು.

ಸೀಮೆಎಣ್ಣೆ ಉಳಿಸಬೇಕೆಂದು ನಮ್ಮನೆಯಲ್ಲಿ ಬೆಳಕಿರುವಾಗಲೇ ರಾತ್ರಿಯ ಊಟ ಮುಗಿಯುತ್ತಿತ್ತು. ಗದ್ದೆಯ ಏಡಿಯೋ ಅಣ್ಣೆಸೊಪ್ಪೋ ಸಿಕ್ಕಿದ ದಿನ ಸಾರು. ಸಿಗದ ದಿನ ಮುದ್ದೆಗೆ ಉಪ್ಪು ಮೆಣಸಿನಕಾಯಿ, ಜೊತೆಗೆ ಒಂದು ಸುಳ್ಳು. ಇದು ಅಜ್ಜಿ ಮಾಡಿದ ಕಟ್ಟಳೆ. ಸಾರಿಲ್ಲದ ದಿನ ಒಬ್ಬರು ಒಂದು ಸುಳ್ಳು ಹೇಳಬೇಕು, ಉಳಿದವರು ಅದನ್ನು ನಂಚಿಕೊಂಡು ಉಣ್ಣಬೇಕು. ಹೇಳುವುದಕ್ಕೂ ಅಜ್ಜಿಯದೊಂದು ಲೆಕ್ಕಾಚಾರವಿತ್ತು.

“ಮುದ್ದೆಗೆ ಒಂದೇ ಗುಳಿ, ಊಟಕ್ಕೆ ಒಂದೇ ಸುಳ್ಳು. ಮಿಕ್ಕಿದ್ದೆಲ್ಲ ಕಂಡಿದ್ದು ಕಂಡಂಗೆ ಇರ್ಬೇಕು. ಎಲ್ಲಾನೂ ಸುಳ್ಳು ಮಾಡ್ಬುಟ್ರೆ ರುಚಿ ಎಲ್ಲಿಂದ ಬತ್ತದೆ?”

ಅವ್ವ ಹೇಳಿದ ಒಂದು ಸುಳ್ಳು ನೆನಪಿದೆ. ನಮ್ಮ ಕೋಳಿ ಬೇಯಿಸಿದ ಮೊಟ್ಟೆಯನ್ನೇ ಇಡುತ್ತದೆ, ಇದು ಸುಳ್ಳು. ಅದು ಗೊತ್ತಾದ ಕೂಡಲೇ ಪಕ್ಕದ ಮನೆಯವಳು ಉಪ್ಪು ಕೇಳುವ ನೆಪದಲ್ಲಿ ಬರುತ್ತಾಳೆ, ಜಗಲಿಯಲ್ಲಿ ಕೂರುತ್ತಾಳೆ, ಕೋಳಿಯ ಹಿಂಭಾಗವನ್ನೇ ನೋಡುತ್ತಾಳೆ. ಇದೆಲ್ಲ ನಿಜ, ಅವಳು ಹಾಗೆಯೇ. ನಾವು ನಕ್ಕೂ ನಕ್ಕೂ ಮುದ್ದೆ ಗಂಟಲಿಗೆ ಸಿಕ್ಕುತ್ತಿತ್ತು. ಕೆಂಪಿ ಚಿಕ್ಕವಳು, ಹುಮ್ಮಸ್ಸಿನಲ್ಲಿ ಮೇಕೆಗೆ ರೆಕ್ಕೆ ಹಚ್ಚಿ ಅದನ್ನು ಇಂಗ್ಲಿಷಿನಲ್ಲೂ ಮಾತಾಡಿಸುತ್ತಿದ್ದಳು. ‘ಎರಡಾಯ್ತು, ಎರಡಾಯ್ತು’ ಎಂದು ಎಲ್ಲರೂ ಕೂಗಿ ಅವಳನ್ನು ಅಳಿಸುತ್ತಿದ್ದೆವು. ಅಪ್ಪನಿಗೆ ಕಲ್ಪನೆ ಕಡಿಮೆ. ಅವನ ಸರದಿ ಬಂದಾಗೆಲ್ಲ ಒಂದೇ ಸುಳ್ಳು.

“ಇವತ್ತು ಬಯಲಲ್ಲಿ ಎಲ್ರೂ ಅವರವ್ರ ಸರದೀಲೆ ನೀರು ಬುಟ್ಕಂಡ್ರು.”

ಇದಕ್ಕೆ ಅಜ್ಜಿ ಎದೆ ಹಿಡಿದುಕೊಂಡು ನಗುತ್ತಿದ್ದಳು. ಇದಕ್ಕಿಂತ ದೊಡ್ಡ ಸುಳ್ಳನ್ನು ದೇವರಾಣೆಗೂ ಕೇಳಿಲ್ಲ ಎನ್ನುತ್ತಿದ್ದಳು.

ಆರನೇ ಕ್ಲಾಸಿನಲ್ಲಿ ಮೇಷ್ಟ್ರು ‘ನಮ್ಮೂರ ಕೆರೆ’ ಎಂದು ಪ್ರಬಂಧ ಬರೆಯಲು ಹೇಳಿದರು. ಮಿಕ್ಕ ಮಕ್ಕಳು ಕೆರೆಯಿಂದ ಆಗುವ ಉಪಯೋಗಗಳನ್ನು ಬರೆದರು. ನನಗೆ ಬರೆಯುವುದೆಂದರೆ ಮನೆಯ ಕಟ್ಟಳೆಯೇ. ಒಂದು ಸುಳ್ಳು ಆರಿಸಿಕೊಂಡೆ: ಕೆರೆಯ ನೀರಿಗೆ ತನ್ನನ್ನು ಬಿಟ್ಟ ಕೈಯ ಗುರುತಿರುತ್ತದೆ, ಆ ಕೈಯನ್ನು ಮೈಲಿಗೆ ಎಂದವರ ಬಾಯಿಗೆ ಅದು ಇಳಿಯುವುದಿಲ್ಲ, ತುಟಿಯ ಹತ್ತಿರ ಬಂದು ನಿಂತು ಏಕೆಂದು ಕೇಳುತ್ತದೆ. ಮಿಕ್ಕಿದ್ದೆಲ್ಲ ಕಂಡದ್ದು ಕಂಡ ಹಾಗೆ ಇರಬೇಕಲ್ಲ? ಇಟ್ಟೆ. ಆ ಬೇಸಗೆ ಏರಿಯ ಮೇಲೆ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ನಾನು ಕಂಡದ್ದನ್ನು ಹಾಗೆಯೇ ಇಟ್ಟೆ. ಅವತ್ತು ನೀರು ಕಾಲುವೆಯ ಕೊನೆಯ ಬೋರಣ್ಣನ ಗದ್ದೆಗೆ ಹೋಗಬೇಕಿತ್ತು. ಯಜಮಾನರ ಆಳು ಬಂದು, ನಮ್ಮ ಕಬ್ಬಿಗೆ ತಿರುಗಿಸಬೇಕಂತೆ, ಯಜಮಾನರ ಮಾತು ಎಂದ. ಅಪ್ಪ ಆಗುವುದಿಲ್ಲ ಎಂದ. ಆಳು ನಕ್ಕು, ಊರಬಾವಿಯ ಕಡೆ ಕೈ ತೋರಿಸಿದ. ಅಪ್ಪ ತಿರುಗಿಸಿದ. ಮೂರು ಸರದಿ ಹೀಗೇ ಆಯಿತು. ಬೋರಣ್ಣನ ಭತ್ತ ತೆನೆಯೊಡೆಯುವ ಹೊತ್ತಿಗೆ ಒಣಗಿ ಜೊಳ್ಳಾಯಿತು. ಕಾಲುವೆ ಒಡೆದಿತ್ತು ಎಂದು ಅಪ್ಪ ಬೋರಣ್ಣನಿಗೆ ಹೇಳಿ ಬಂದು, ಆ ಸಂಜೆ ಉಣ್ಣಲಿಲ್ಲ.

ಮೇಷ್ಟ್ರು ಪ್ರಬಂಧವನ್ನು ಕ್ಲಾಸಿಗೆಲ್ಲ ಗಟ್ಟಿಯಾಗಿ ಓದಿದರು. ನೀರು ಮಾತಾಡುವಲ್ಲಿ ಅವರೂ ನಕ್ಕರು, ಮಕ್ಕಳೂ ನಕ್ಕರು. ಯಜಮಾನರ ಆಳು ಬರುವಲ್ಲಿ ಅವರ ದನಿ ಸಣ್ಣದಾಯಿತು. ಕೊನೆಯವರೆಗೆ ಓದದೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಹೆಮ್ಮೆಯಾಯಿತು, ಮೇಷ್ಟ್ರು ಇಟ್ಟುಕೊಂಡರಲ್ಲ ಎಂದು. ಸಂಜೆ ಆ ಹಾಳೆ ಯಜಮಾನರ ಜಗಲಿಯಲ್ಲಿತ್ತು. ಆದರೆ ಅಷ್ಟರಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬೋರಣ್ಣನ ಮಗಳು ಮನೆಗೆ ಹೋಗಿ ಕೇಳಿದ್ದನ್ನೆಲ್ಲ ಹೇಳಿಬಿಟ್ಟಿದ್ದಳು. ಮೂರನೇ ದಿನ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ನ್ಯಾಯ ಹೇಳಲು ಕೂತವರು ಯಜಮಾನರೇ. ಬೇಲಿ ಎದ್ದು ಹೊಲ ಮೇಯ್ದದ್ದನ್ನು ಬೇಲಿಯೇ ವಿಚಾರಣೆ ಮಾಡಿತು.

ಅಪ್ಪ ಕಟ್ಟೆಯ ಕೆಳಗೆ, ಹೆಗಲ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಕೈಕಟ್ಟಿ ನಿಂತ. ಕಟ್ಟೆಯ ಮೇಲೆ ಮೂರು ಸಾಲು ಗಂಡಸರು. ಬೋರಣ್ಣ ಮುಂದಿನ ಸಾಲಿನಲ್ಲಿ ಕೂತು ತನ್ನ ಗದ್ದೆಯ ಜೊಳ್ಳನ್ನು ಎಲ್ಲರಿಗೂ ಹಿಡಿದು ತೋರಿಸಿದ. ನೀರನ್ನು ತಿರುಗಿಸಲು ಹೇಳಿದ್ದು ಯಾರು ಎಂದು ಯಜಮಾನರು ಅಪ್ಪನನ್ನು ಕೇಳಿದರು. ಆ ಪ್ರಶ್ನೆಯನ್ನು ಅವರು ಕೇಳಿದ್ದನ್ನು ನೆನೆದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ.

“ಯಾರೂ ಇಲ್ಲ ಬುದ್ಧಿ. ನಂದೇ ತಪ್ಪು. ದಿನದ ಲೆಕ್ಕ ಮರ್ತೋಯ್ತು.”

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಮಗುವನ್ನು ಕರೆಯಿರಿ ಎಂದರು. ನನ್ನನ್ನು ಅಪ್ಪನ ಪಕ್ಕದಲ್ಲಿ ನಿಲ್ಲಿಸಿ, ನನ್ನ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, ಬಹಳ ಮುದ್ದಿನಿಂದ ಕೇಳಿದರು.

“ನೀರು ಮಾತಾಡ್ತದಾ ಮಗ?”

“ಇಲ್ಲ ಬುದ್ಧಿ.”

“ಅಂಗಾದ್ರೆ ಅದು ಸುಳ್ಳು ಅನ್ನು.”

“ಸುಳ್ಳು.”

“ಮತ್ತೆ ನಾನು ಯೋಳಿ ಕಳ್ಸಿದ್ದೆ ಅಂತ ಬರ್ದಿದ್ದೀಯಲ್ಲ, ಅದು?”

ನಾನು ಅಪ್ಪನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ, ಹೆಬ್ಬೆರಳು ಮಣ್ಣು ಕೆರೆಯುತ್ತಿತ್ತು.

“ಅದೂ ಸುಳ್ಳು ಬುದ್ಧಿ.”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಯಜಮಾನರು ಹಾಳೆಯನ್ನು ಹರಿಯಲೂ ಇಲ್ಲ. ಹಿಂದಕ್ಕೆ ಕೊಟ್ಟು, ಅಕ್ಷರ ಚೆಂದ ಇದೆ ಎಂದರು. ನೀರುಗಂಟಿಯ ಗುರುತಾದ ಅಪ್ಪನ ಕೋಲನ್ನು ತರಿಸಿ ನಮ್ಮ ದಾಯಾದಿಯೊಬ್ಬನ ಕೈಗೆ ಕೊಟ್ಟರು. ಅಲ್ಲಿಗೆ ನಮ್ಮ ಮನೆಯ ನೀರುಗಂಟಿತನ ಮುಗಿಯಿತು.

ಮನೆಗೆ ಬಂದ ಮೇಲೆ ನಡೆದಂಥ ಜಗಳವನ್ನು ನಾನು ಮತ್ತೆ ಯಾವ ಮನೆಯಲ್ಲೂ ಕೇಳಿಲ್ಲ. ಅವ್ವ ಎದೆಮಟ್ಟದ ಗೋಡೆಯ ಈಚೆ, ಅಪ್ಪ ಆಚೆ.

“ನಿನ್ ಬಾಯ್ಗೇನು ಮಣ್ಣು ತುಂಬಿತ್ತಾ? ಅವ್ನೇ ಯೋಳ್ಸಿ ಕಳ್ಸಿದ್ದು ಅನ್ನಕಾಗ್ನಿಲ್ವಾ?”

“ಅಂದಿದ್ರೆ ನಾಳಿಂದ ಕೇರೀಗೆ ನೀರು ಸುರಿಯೋರು ಯಾರು? ನಿಮ್ಮಪ್ಪನಾ?”

“ಸುರೀದಿದ್ರೆ ಸಾಯಾನ. ಕೂಸಿನ ಬಾಯಲ್ಲಿ ಯಾಕೆ ಅನ್ನಿಸ್ದೆ?”

ನಾನು ಮೇಕೆಗಳ ನಡುವೆ ಕೂತಿದ್ದೆ. ಅಜ್ಜಿ ಬಂದು ನನ್ನ ಪಕ್ಕ ಕುಕ್ಕರಿಸಿದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಅಜ್ಜಿ ಅಂಥವಳಲ್ಲ.

“ಎರಡಾಯ್ತು ಕಣಮ್ಮಿ. ಮೊದಲ್ನೇದು ನಿಂದು, ಅದಿರ್ಲಿ. ಎರಡ್ನೇದು ಅವ್ನು ನಿನ್ ಬಾಯ್ಗೆ ತುರುಕಿದ್ದು. ಅದನ್ನ ಅಲ್ಲೇ, ಅದೇ ಕಟ್ಟೆ ಮುಂದೆ ಉಗ್ದು ಬರ್ಬೇಕು ನೀನು. ಇವತ್ತಾಗ್ದಿದ್ರೆ ಇನ್ನೊಂದಿನ.”

ಆಮೇಲೆ ಬಹಳ ದಿನ ನಮ್ಮನೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅಪ್ಪ ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದ. ಕಾಲುವೆಯ ಪಕ್ಕ ನಡೆಯುವಾಗ ನೀರಿನ ಕಡೆ ನೋಡುತ್ತಿರಲಿಲ್ಲ, ಹೊಲದ ಹೆಣ್ಣುಮಕ್ಕಳನ್ನು ನೋಡದೆ ಹೋಗುವ ಸಭ್ಯನ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಸಾರಿಲ್ಲದ ದಿನಗಳು ಹೆಚ್ಚಾದವು. ಒಂದು ಸಂಜೆ ಬರೀ ಉಪ್ಪಿನಲ್ಲಿ ಮುದ್ದೆ ನುಂಗುತ್ತಿದ್ದಾಗ ನಾನೇ ಶುರು ಮಾಡಿದೆ. ಯಜಮಾನರ ಮನೆಯಲ್ಲಿ ಯಾರು ಯಾವ ಪಾತ್ರೆ ಮುಟ್ಟಿದರೂ ಅದರಲ್ಲಿರುವ ನೀರು ಆವಿಯಾಗಿ ಹೋಗುತ್ತದೆ, ಇದೊಂದೇ ಸುಳ್ಳು. ಮಿಕ್ಕಿದ್ದನ್ನೆಲ್ಲ ನಿಜ ಮಾಡಿದೆ. ಮೊದಲ ದಿನ ಅವರು ಆಳನ್ನು ಬೈಯುತ್ತಾರೆ, ಎರಡನೇ ದಿನ ಬಾವಿಯನ್ನು ಬೈಯುತ್ತಾರೆ, ಮೂರನೇ ದಿನ ತುಟಿ ಒಡೆಯುತ್ತದೆ. ನಾಲ್ಕನೇ ದಿನ ಯಜಮಾನರು ಕೊಡ ಹಿಡಿದು ಏರಿ ಇಳಿದು ನಮ್ಮ ಕೇರಿಗೆ ಬಂದು ಎಂಟು ಮಾರು ದೂರ ನಿಂತು, ಸುರೀರವ್ವಾ ಎನ್ನುತ್ತಾರೆ. ಅವ್ವ ಅಷ್ಟೆತ್ತರದಿಂದ ಸುರಿಯುತ್ತಾಳೆ. ಆ ಮೀಸೆ ಹೇಗೆ ತೊಯ್ಯುತ್ತದೆ, ನಾಲಿಗೆ ಹೇಗೆ ಹೊರಳುತ್ತದೆ, ಒಂದೊಂದನ್ನೂ ಹೇಳಿದೆ. ಅಜ್ಜಿ ಬೊಕ್ಕಬಾಯಿ ತೆರೆದು ಕೇಳುತ್ತಿದ್ದಳು. ಅವ್ವನ ಕಣ್ಣು ಹೊಳೆಯುತ್ತಿತ್ತು. ಅಪ್ಪ ತಟ್ಟೆ ಸರಿಸಿ ಎದ್ದ.

“ನೀರಿಲ್ದೆ ಸಾಯ್ಸೋ ಕತೆ ನನ್ ಮುಂದೆ ಯೋಳ್ಬ್ಯಾಡ. ಅವ್ರ ಮನೇಲೂ ಮಕ್ಳವ್ರೆ. ನಾನು ನೀರುಗಂಟಿ.”

“ಆಗಿದ್ದೆ ಅನ್ನು,” ಎಂದಳು ಅವ್ವ.

ಅಪ್ಪ ಹೊರಗೆ ಹೋಗಿ ಜಗಲಿಯಲ್ಲಿ ಕೂತ. ನನಗೆ ಪಾಪ ಎನ್ನಿಸಲಿಲ್ಲ, ಕೋಪ ಬಂತು. ಸೇಡು ಬೇಡ ಎನ್ನುವಷ್ಟು ಒಳ್ಳೆಯತನವನ್ನು ಅವನಿಗೆ ಕಲಿಸಿದವರು ಯಾರು ಎಂದು ಯೋಚಿಸಿದೆ, ಅವರ ಮೇಲೂ ಕೋಪ ಬಂತು. ಅಪ್ಪನಿಗೆ ಕೇಳಿಸಲಿ ಎಂದೇ ಕತೆಯನ್ನು ಗಟ್ಟಿಯಾಗಿ ಮುಂದುವರಿಸಿದೆ. ನಾನು ಬರಹಗಾರ್ತಿಯಾದದ್ದು ಆ ಸಂಜೆಯೇ ಎಂದುಕೊಂಡಿದ್ದೇನೆ.

ಮುಂದೆ ಓದಿ, ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹಾಸನದಲ್ಲಿ ಮನೆ ಮಾಡಿಕೊಂಡೆ. ಯಜಮಾನರು ಹಾಸಿಗೆಯಲ್ಲೇ, ಮಕ್ಕಳು ಮೊಮ್ಮಕ್ಕಳ ನಡುವೆ, ಬಾಯಿಗೆ ನೀರು ಬಿಡಿಸಿಕೊಂಡು ಸುಖವಾಗಿ ಸತ್ತರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾನು ಅವತ್ತಿನಿಂದ ನಂಬುವುದಿಲ್ಲ. ಅದಕ್ಕೇ ಅವರನ್ನು ಪುಸ್ತಕದಿಂದ ಪುಸ್ತಕಕ್ಕೆ ಸಾಲಿನಲ್ಲಿ ನಿಲ್ಲಿಸಿದ್ದು. ಅಜ್ಜಿ ಹೋದಳು, ಅವ್ವ ಹೋದಳು. ಅಪ್ಪ ನನ್ನ ಮನೆಯಲ್ಲೇ ತೀರಿಕೊಂಡ. ಕೊನೆಯವರೆಗೂ ಅವನು ನನ್ನ ಒಂದು ಪುಸ್ತಕವನ್ನೂ ಓದಿಸಿಕೊಂಡು ಕೇಳಲಿಲ್ಲ. ಕಟ್ಟೆಯ ಮುಂದೆ ನಾನು ಆಡಿದ ಎರಡನೇ ಸುಳ್ಳು ಅಲ್ಲಿಯೇ ಬಿದ್ದಿತ್ತು.

ಹೋದ ವರ್ಷ ಯಜಮಾನರ ಮಗ ಪ್ರಕಾಶ ಹಾಸನದ ನನ್ನ ಮನೆಗೆ ಬಂದ. ಒಂದು ಬುಟ್ಟಿ ಹಣ್ಣು ತಂದಿದ್ದ. ಕಾಫಿ ಕೊಟ್ಟೆ, ಲೋಟ ಪೂರ್ತಿ ಕುಡಿದು, ಕುಡಿದದ್ದು ನನಗೆ ಕಾಣುವ ಹಾಗೆ ಕೆಳಗಿಟ್ಟ. ಕೆರೆಯ ಹೂಳೆತ್ತಿಸಿದ್ದಾರಂತೆ, ಹೊಸ ತೂಬು ಕೂರಿಸಿದ್ದಾರಂತೆ, ಅದಕ್ಕೆ ಅವರಪ್ಪನ ಹೆಸರಂತೆ. ಅರಳಿಕಟ್ಟೆಯ ಮುಂದೆ ಸಮಾರಂಭ, ಅದಕ್ಕೊಂದು ಸ್ಮರಣ ಸಂಚಿಕೆ.

“ನಿಮ್ಮಪ್ಪಾರು ನಮ್ಮಪ್ಪಾರು ಅಣ್ತಮ್ಮಂದಿರಂಗೆ ಇದ್ರಂತಲ್ಲಕ್ಕಾ. ಅದ್ನ ನೀವು ನಾಕು ಮಾತು ಬರ್ಕೊಟ್ರೆ ಊರಿಗೇ ಒಂದು ಕಳೆ.”

ಬರೆದುಕೊಟ್ಟೆ. ಐದು ಪುಟ. ಜೀವನದಲ್ಲಿ ಮೊದಲ ಸಲ ಒಂದೂ ಸುಳ್ಳಿಲ್ಲದೆ ಬರೆದೆ. ಒಂದು ವಾರ ಬಿಟ್ಟು ಅವನ ಫೋನ್ ಬಂತು.

“ಅಕ್ಕಾ, ಚೆನ್ನಾಗೈತೆ. ಮೇಲ್ಗಡೆ ‘ಕತೆ’ ಅಂತ ಒಂದು ಮಾತು ಹಾಕ್ಬುಡ್ಲಾ? ಹೆಂಗಿದ್ರೂ ನೀವು ಕತೆ ಬರ್ಯೋರೇ.”

ಅದೇ ಮುದ್ದು, ಅದೇ ಮಾತು. ಅವನಪ್ಪ ಕೇಳಿದ್ದನ್ನೇ ಮಗನೂ ಕೇಳುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಕುವಂತಿಲ್ಲ ಎಂದೆ. ಸಂಚಿಕೆಯಲ್ಲಿ ಹಾಕದಿದ್ದರೂ ಸರಿ, ಕಟ್ಟೆಯ ಮುಂದೆ ನಾನೇ ನಿಂತು ಓದುತ್ತೇನೆ. ಅದೂ ಆಗುವುದಿಲ್ಲವೆಂದರೆ ಏಕೆ ಆಗಲಿಲ್ಲ ಎನ್ನುವುದನ್ನು ಪತ್ರಿಕೆಗೆ ಬರೆಯುತ್ತೇನೆ ಎಂದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಆಗಲೇ ಅಚ್ಚಾಗಿತ್ತು. ಕೊನೆಗೆ, ಆಯಿತು ಓದಿ ಎಂದ.

ಓದಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೈಕಿನ ಮುಂದೆ, ಇಡೀ ಊರು ಕುರ್ಚಿ ಹಾಕಿಕೊಂಡು ಕೂತಿರುವಾಗ. ಯಜಮಾನರ ಹೆಸರನ್ನು ನನ್ನ ಬಾಯಲ್ಲಿ ಅದೊಂದೇ ಸಲ ಹೇಳಿದೆ, ಏಕವಚನದಲ್ಲಿ. ಆಳನ್ನು ಕಳಿಸಿದ್ದು ನಿಜ, ಅವತ್ತು ನಾನು ಸುಳ್ಳು ಎಂದದ್ದೇ ಸುಳ್ಳು ಎಂದೆ. ಪ್ರಕಾಶ ಮುಂದಿನ ಸಾಲಿನಲ್ಲಿ ಶಾಲಿನ ಅಂಚು ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ಎದ್ದು ಹೋದಳು. ನನಗೆ ಸುಖವಾಯಿತು. ಮರ್ಯಾದೆಗೆ ಬೇರೆ ಪದ ಹುಡುಕುವುದಿಲ್ಲ, ಬಹಳ ಸುಖವಾಯಿತು. ಐವತ್ತು ವರ್ಷ ಬಾಯಲ್ಲಿದ್ದದ್ದನ್ನು ಉಗಿದಾಯಿತು, ಇನ್ನು ಆ ಮುದುಕನನ್ನು ಸಾಲಿನಿಂದ ಬಿಟ್ಟುಬಿಡಬಹುದು ಎಂದುಕೊಂಡು ವೇದಿಕೆ ಇಳಿದೆ.

ಊಟದ ಶಾಮಿಯಾನದ ಹತ್ತಿರ ಬೋರಣ್ಣ ಸಿಕ್ಕಿದರು. ಎಂಬತ್ತೈದು ದಾಟಿದೆ, ಕಿವಿ ಚುರುಕಾಗಿದೆ. ನನ್ನ ಕೈ ಹಿಡಿದುಕೊಂಡರು. ಹಿಂದೆ ಎಂದೂ ನಮ್ಮವರ ಕೈ ಮುಟ್ಟಿದವರಲ್ಲ. ಅವರ ಕಣ್ಣಲ್ಲಿ ನೀರಿತ್ತು, ನನಗೂ ಬರುವುದರಲ್ಲಿತ್ತು.

“ಒಳ್ಳೇ ಕೆಲ್ಸ ಮಾಡ್ದೆ ಕಣವ್ವ. ಆ ವಯ್ಯನೇ ನೀರು ತಿರುಗ್ಸಿದ್ದು ಅಂತ ನಮ್ಗೆಲ್ಲಾ ಅವತ್ತೇ ಗೊತ್ತಿತ್ತು.”

ಕೇಳಿದ್ದು ಸರಿಯೇ ಎಂದು ಮತ್ತೆ ಕೇಳಿದೆ.

“ಯಾರ್ಯಾರಿಗೆ ಗೊತ್ತಿತ್ತು ಬೋರಣ್ಣ?”

“ಎಲ್ರಿಗೂ. ನ್ಯಾಯಕ್ಕೆ ಮುಂಚೇನೇ ಆ ವಯ್ಯ ನಮ್ಮನೇಗೆ ಎರಡು ಗಾಡಿ ಭತ್ತ ಇಳ್ಸಿದ್ದ, ಊರಿಗೇ ಗೊತ್ತಿತ್ತು. ನ್ಯಾಯ ಅಂತ ಸೇರಿದ್ಮೇಲೆ ಒಬ್ಬನ ಮ್ಯಾಲೆ ಆಕ್ಬೇಕಲ್ಲ. ನಿಮ್ಮಪ್ಪ ಬಂಗಾರದಂತ ಮನ್ಸ, ಬಾಯ್ಬುಡ್ನಿಲ್ಲ.”

ಅವರು ನನ್ನನ್ನು ಸಮಾಧಾನಪಡಿಸುತ್ತಿದ್ದರು. ಅವರ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಆ ಮೂರು ಸಾಲು ಗಂಡಸರ ನಗು ನನಗೆ ಆಗ ಅರ್ಥವಾಯಿತು. ಸುಳ್ಳಿಯೊಬ್ಬಳನ್ನು ಕಂಡು ನಕ್ಕಿದ್ದಲ್ಲ ಅದು. ನಿಜ ಗೊತ್ತಿದ್ದೇ ನಕ್ಕಿದ್ದರು. ನಾನು ಐವತ್ತು ವರ್ಷ ಒಂದೇ ಮನೆಯ ಮೇಲೆ ಹಲ್ಲು ಕಡಿದಿದ್ದೆ, ಸಾಲಿನಲ್ಲಿ ಒಬ್ಬನನ್ನೇ ನಿಲ್ಲಿಸಿದ್ದೆ. ಕೈ ಬಿಡಿಸಿಕೊಂಡು, ಚೀಲದಿಂದ ಪೆನ್ನು ತೆಗೆದು, ಓದಿದ ಹಾಳೆಗಳ ಕೊನೆಯದನ್ನು ತಿರುವಿ ಹಿಡಿದೆ.

“ಅವತ್ತು ಕಟ್ಟೆ ಮೇಲೆ ಯಾರ್ಯಾರು ಕೂತಿದ್ರು, ನೆನಪಿದೆಯಾ?”

“ಐತೆ ಕಣವ್ವ, ಒಬ್ಬೊಬ್ರುದೂ ಗೆಪ್ತಿ ಐತೆ,” ಎಂದರು ಬೋರಣ್ಣ. ಸಂಚಿಕೆಗೆ ಬೇಕೇನೋ ಎಂದುಕೊಂಡು ಖುಷಿಯಾಗಿ ಬೆರಳು ಮಡಚಿದರು. ಮೊದಲ ಹೆಸರು ತಮ್ಮದನ್ನೇ ಹೇಳಿದರು.